ಬೀಗಿತ್ತಿಯ ಸೀರೆಯೂ ಬಾಗಿಲ ಕಂಬವೂ

ಗುಬ್ಬಿಯಲ್ಲಿ ನನ್ನದೊಂದು ಸೀರೆ ಅಂಗಡಿ. ತುಮಕೂರಿನ ದೊಡ್ಡ ಮಳಿಗೆಗಳನ್ನು ನೋಡಿ ನಾನೂ ಸೀರೆಗಳಿಗೆಲ್ಲ ಟ್ಯಾಗ್ ಸಿಕ್ಕಿಸಿ, ಬಾಗಿಲಿಗೆ ಅಲಾರಂ ಕಂಬ ನಿಲ್ಲಿಸಿದೆ. ದುಡ್ಡು ಕೊಟ್ಟು ಟ್ಯಾಗ್ ತೆಗೆಸದ ಸೀರೆ ಹೊಸ್ತಿಲು ದಾಟಿದರೆ ಕಂಬ ಬೊಬ್ಬೆ ಹಾಕುತ್ತದೆ. ಆಗ ಗಿರಾಕಿಯ ಮರ್ಯಾದೆಗೆ ಕುಂದು ಬಾರದಿರಲೆಂದು ಕನ್ನಡಿ ಮುಂದೆ ನಿಂತು ಒಂದು ವಾಕ್ಯವನ್ನೂ ಬಾಯಿಪಾಠ ಮಾಡಿದೆ: "ದಯವಿಟ್ಟು ತಮ್ಮ ಬ್ಯಾಗ್ ತೋರಿಸುವ ಕೃಪೆ ಮಾಡಬೇಕು."

"ಮೂವತ್ತು ವರ್ಷದಿಂದ ಏನ್ ಕಳುವಾಗೈತ್ರೀ?" ಎಂದಳು ಹೆಂಡತಿ ಗಿರಿಜ.

"ಬಿಸ್ನೆಸ್ ನಿಂಗ್ ಗೊತ್ತಾಗಲ್ಲ, ಸುಮ್ನಿರು" ಎಂದೆ.

ಮೊದಲ ದಿನವೇ ಸಿ.ಎಸ್. ಪುರದಿಂದ ಸಾವಿತ್ರಮ್ಮ ಬಂದರು. ನನ್ನ ಒಬ್ಬಳೇ ಮಗಳನ್ನು ಅವರ ಮಗನಿಗೆ ಗೊತ್ತು ಮಾಡಿದ್ದೆವು. ಧಾರೆ ಸೀರೆ ಆರಿಸಲು ಬಂದಿದ್ದರು. ಗಂಡಿನ ತಾಯಿ ಮುನಿಸಿಕೊಂಡರೆ ಮದುವೆಯೇ ಮುರಿಯುವುದುಂಟು, ಹಾಗಾಗಿ ನಾನು ಬಾಗಿದ ಬೆನ್ನು ಎತ್ತಿರಲಿಲ್ಲ.

ಒಂದು ಸೀರೆ ಹಿಡಿದು, "ಇದು ಮೆರೂನೋ ಕೆಂಪೋ ಬೀಗ್ರೆ?" ಎಂದರು.

ಟ್ಯೂಬ್‌ಲೈಟ್ ಬೆಳಕಲ್ಲಿ ಸೀರೆಯ ಬಣ್ಣ ನಂಬುವ ಹೆಂಗಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಮೂವತ್ತು ವರ್ಷದ ಅಭ್ಯಾಸ, ನಾನೇ ಹೇಳಿದೆ: "ಹೊರಗೆ ಬಿಸಿಲಲ್ಲಿ ಹಿಡಿದು ನೋಡಿ ಅಕ್ಕ."

ಅವರು ಹೊಸ್ತಿಲು ದಾಟಿದರು. ಕಂಬ ಊರಿಗೆಲ್ಲ ಕೇಳುವಂತೆ ಕೂಗಿತು.

ಯಾರು ಕಳ್ಳರು, ಏನು ಕಳುವಾಯಿತು, ನನಗೆ ಒಂದೂ ತಿಳಿಯಲಿಲ್ಲ. ಓಡಿ ಸ್ವಿಚ್ ಒತ್ತಿದೆ, ಫ್ಯಾನು ನಿಂತಿತು. ಇನ್ನೊಂದು ಒತ್ತಿದೆ, ಅಂಗಡಿ ಕತ್ತಲಾಯಿತು. ಕಂಬ ಮಾತ್ರ ನಿಲ್ಲಲಿಲ್ಲ. ಎದುರು ಹೋಟೆಲಿನ ಗಿರಾಕಿಗಳು ಕಾಫಿ ಲೋಟದ ಸಮೇತ ಬಂದು ನಿಂತರು. ಆ ಗಲಿಬಿಲಿಯಲ್ಲಿ ನನ್ನ ಬಾಯಿಂದ ಹೊರಬಿದ್ದದ್ದು ಬಾಯಿಪಾಠ: "ದಯವಿಟ್ಟು ತಮ್ಮ ಬ್ಯಾಗ್ ತೋರಿಸುವ ಕೃಪೆ ಮಾಡಬೇಕು!"

ಗಿರಿಜ ತಲೆ ಮೇಲೆ ಕೈ ಹೊತ್ತು ಕೂತಳು. ಸಾವಿತ್ರಮ್ಮ ಒಳಗೆ ಬಂದು ಬ್ಯಾಗನ್ನು ಗಲ್ಲಾದ ಮೇಲೆ ಸುರಿದರು. ಎಲೆ ಅಡಿಕೆ, ಕನ್ನಡಕ, ನನ್ನ ಮಗಳಿಗೆಂದು ತಂದ ಕೊಬ್ಬರಿ ಮಿಠಾಯಿ. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ನೋಡ್ಕಳಿ ಬೀಗ್ರೆ," ಎಂದರು ತಣ್ಣಗೆ. "ನಾನು ಸೀರೆ ಕದಿಯಾಕ್ ಬಂದಿಲ್ಲ. ನಿಮ್ ಮಗಳ್ನೇ ಕರ್ಕೊಂಡೋಗಾಕ್ ಬಂದಿರೋಳು. ಅವ್ಳಿಗೂ ಟ್ಯಾಗ್ ಹಾಕಿಸಿದೀರೇನು?"

ಹೇಳಿದವರೇ ನಕ್ಕರು. ನನಗೆ ಹೋದ ಜೀವ ಬಂತು. ಸಂಜೆಯೇ ಕಂಬ ಕೀಳಿಸಿದೆ.

ಮದುವೆ ಸಾಂಗವಾಗಿ ನಡೆಯಿತು. ಮಗಳು ಅದೇ ಸೀರೆ ಉಟ್ಟು ಅತ್ತೆಯ ಕೈ ಹಿಡಿದು ಛತ್ರದ ಬಾಗಿಲು ದಾಟಿದಳು. ಯಾವ ಕಂಬವೂ ಕೂಗಲಿಲ್ಲ. ಊರಿಗೆಲ್ಲ ಕೇಳುವಂತೆ ಅತ್ತವನು ನಾನೊಬ್ಬನೇ.

ಗಿರಿಜ ಕಣ್ಣೊರೆಸಿಕೊಳ್ಳುತ್ತಾ ನನ್ನ ಕಿವಿಯಲ್ಲಿ ಕೇಳಿದಳು: "ಇದ್ರ ಸ್ವಿಚ್ ಎಲ್ಲೈತ್ರೀ?"