ತಪ್ಪಿಲ್ಲದ ಐದು ವಾಕ್ಯಗಳು

ಆ ದಿನ ಬೆಳಿಗ್ಗೆಯೂ ಎಂದಿನಂತೆ ಬಚ್ಚಲ ಒಲೆಗೆ ಬೆಂಕಿ ಹಾಕಿ, ಹಾಲು ಕಾಯಿಸಿ, ಕಾಫಿ ಸೋಸಿದೆ. ಸೋಸಿದ್ದನ್ನು ಲೋಟಕ್ಕೆ ಬಗ್ಗಿಸುವ ಬದಲು ಸಾರಿನ ಪಾತ್ರೆಗೆ ಬಗ್ಗಿಸಿದೆ. ತಾಲ್ಲೂಕು ಕಚೇರಿಯಲ್ಲಿ ಇದಕ್ಕಿಂತ ದೊಡ್ಡ ಗೊಂದಲಗಳನ್ನು ಕಂಡ ನಮ್ಮ ಯಜಮಾನರು ಪಾತ್ರೆಯನ್ನೊಮ್ಮೆ ಮೂಸಿ, ಪರೀಕ್ಷೆ ನಿನಗೋ ನಾಗವೇಣಿಗೋ ಎಂದು ಕೇಳಿದರು.

ಪರೀಕ್ಷೆ ನಾಗವೇಣಿಗೆ. ಶಿಕಾರಿಪುರದಲ್ಲಿ ನಮ್ಮ ಪಕ್ಕದ ಮನೆಯ ಗೌರವ್ವನವರ ತಮ್ಮನ ಮಗಳು. ಸೊರಬದಿಂದ ಬಂದು ಸೋದರತ್ತೆಯ ಮನೆಯಲ್ಲಿದ್ದು ಎಸ್.ಎಸ್.ಎಲ್.ಸಿ.ಗೆ ಕೂತಿದ್ದಳು. ಪಾಸಾದರೆ ಟೀಚರ್ ಟ್ರೈನಿಂಗು, ಇಲ್ಲದಿದ್ದರೆ ಜಡೆ ಊರಿನ ಗಂಡಿಗೆ ಮಾತು ಕೊಡುವುದೇ ಸೈ ಎಂದು ಅವಳಪ್ಪ ಹೇಳಿಬಿಟ್ಟಿದ್ದರು. ಉಳಿದ ವಿಷಯಗಳಿಗೆ ಅವಳೇ ಸಾಕು. ಇಂಗ್ಲಿಷ್ ಪ್ರಬಂಧದ ಹೊಣೆ ಮಾತ್ರ, ಕಾನ್ವೆಂಟಿನಲ್ಲಿ ಓದಿದವಳೆಂಬ ಒಂದೇ ಕಾರಣಕ್ಕೆ, ನನ್ನ ಕೊರಳಿಗೆ ಬಿದ್ದಿತ್ತು.

ಈ ಹುಡುಗಿಯದೊಂದು ವಿಚಿತ್ರ. 'ನಮ್ಮ ಅಡಿಗೆಮನೆ'ಯಂಥ ಸುಲಭದ ವಿಷಯ ಕೊಟ್ಟರೆ ಮೂರು ಪುಟ ಬರೆಯುವಳು. ಅವಳ ಇಂಗ್ಲಿಷಿನಲ್ಲಿ ನಿನ್ನೆ ಹಚ್ಚಿದ ಒಲೆ ನಾಳೆ ಹೊತ್ತಿಕೊಳ್ಳುತ್ತಿತ್ತು, ಅಜ್ಜ ಹೆಣ್ಣಾಗುತ್ತಿದ್ದ. 'ಪೌರನ ಕರ್ತವ್ಯ'ದಂಥ ಕಷ್ಟದ್ದು ಕೊಟ್ಟರೆ ಪೆನ್ನಿನ ತುದಿ ಕಚ್ಚಿ ಕೂತು ಐದೇ ಚಿಕ್ಕ ವಾಕ್ಯ, ಒಂದೂ ತಪ್ಪಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಭಾಷೆಯ ತಪ್ಪನ್ನು ಪಾಪದ ಲೆಕ್ಕಕ್ಕೇ ಸೇರಿಸುತ್ತಿದ್ದವರು. ತಪ್ಪಿಲ್ಲದ ಪುಟ ಕಂಡರೆ ನನಗೆ ಇವತ್ತಿಗೂ ಒಗೆದು ಹರವಿದ ಪಂಚೆ ಕಂಡಷ್ಟು ಸಮಾಧಾನ. ಹಾಗಾಗಿ ಕಷ್ಟದ ವಿಷಯವನ್ನೇ ಆರಿಸಿಕೋ ಎಂದು ಬುದ್ಧಿ ಹೇಳಿ ಕಳಿಸಿದೆ.

ಐದು ವಾಕ್ಯ ಉತ್ತರ ಪತ್ರಿಕೆಯಲ್ಲಿ ಎಷ್ಟು ಜಾಗ ಹಿಡಿದೀತೆಂಬ ಯೋಚನೆ ಹುಟ್ಟಿದ್ದು ಅವಳು ಬೀದಿ ತಿರುಗಿದ ಮೇಲೆ. ಅವಳ ಹಳೆಯ ಹಾಳೆಯ ಮೇಲೆ ಕೈಯಿಟ್ಟು ನೋಡಿದೆ. ನಾಲ್ಕು ಬೆರಳು. ನಾಲ್ಕು ಬೆರಳಿಗೆ ಒಬ್ಬ ಹುಡುಗಿಯನ್ನು ಜಡೆಗೆ ಕಳಿಸಿಬಿಟ್ಟೆನೇನೋ ಎಂದು ಗಾಬರಿಯಾಯಿತು.

ಮಧ್ಯಾಹ್ನ ಪರೀಕ್ಷೆ ಮುಗಿಸಿ ಬಂದವಳು ನಮ್ಮ ಜಗಲಿಯಲ್ಲೇ ಕೂತಳು. ಎರಡು ವಿಷಯ ಕೊಟ್ಟಿದ್ದರಂತೆ: 'ಬಿಡುವಿನ ಸದುಪಯೋಗ' ಮತ್ತು 'ಒಂದು ಬಸ್ ಪ್ರಯಾಣ'. ಹುಟ್ಟಿದಾಗಿನಿಂದ ಬಿಡುವನ್ನೇ ಕಾಣದ ಹುಡುಗಿ ನನ್ನ ಮಾತಿಗೆ ಕಟ್ಟುಬಿದ್ದು ಬಿಡುವಿನ ಮೇಲೆ ಐದು ವಾಕ್ಯ ಬರೆದು ಕೂತಿದ್ದಾಳೆ. ಮೇಲ್ವಿಚಾರಣೆಯ ಮೇಷ್ಟ್ರು ಬಂದು, ಮೈಗೆ ಹುಷಾರಿಲ್ಲವೇನಮ್ಮಾ ಎಂದು ಕೇಳಿದ್ದಾರೆ.

"ನಂಗೇ ನಾಚ್ಕೆ ಆಯ್ತು ಅಕ್ಕಾರೇ. ಅದನ್ನ ಹೊಡೆದುಹಾಕಿ ಬಸ್ಸಿಂದು ಬರ್ದೆ. ಮೂರು ಪುಟ."

ಬಸ್ಸು ಸೊರಬದ್ದು. ಯಾರದೋ ಕುರಿ ಕಂಡಕ್ಟರನ ಟಿಕೆಟ್ ಕಟ್ಟನ್ನು ತಿಂದುಹಾಕಿ, ಟಿಕೆಟ್ಟು ಇನ್ನು ಕುರಿಯ ಹೊಟ್ಟೆಯಲ್ಲೇ ನೋಡಿಕೊಳ್ಳಿ ಎಂದು ಜನರೆಲ್ಲ ಸಾಧಿಸಿದ ಕತೆ. ಅವಳು ಹೇಳುತ್ತಿದ್ದರೆ ನಗು ತಡೆಯಲಾಗಲಿಲ್ಲ. ನಕ್ಕ ಮರುಕ್ಷಣವೇ ಹೊಸ ಗಾಬರಿ. ಕುರಿ ತಿಂದಿತು ಅಂತ ಬರೆದೆಯೋ, ತಿನ್ನುತ್ತದೆ ಅಂತಲೋ ಎಂದು ಕೇಳಿದೆ.

"ಹೆಂಗೋ ತಿಂತಲ್ಲ ಅಕ್ಕಾರೇ," ಎಂದು ಎದ್ದು ಹೋದಳು.

ಸಂಜೆ ತಡೆಯಲಾರದೆ ಗೌರವ್ವನವರ ಒಲೆಯ ಮುಂದೆ ಹೋಗಿ ಕೂತೆ. ಮೂರು ಪುಟದ ತುಂಬ ತಪ್ಪಿದ್ದರೆ ಗತಿಯೇನೆಂದು ತೋಡಿಕೊಂಡೆ. ಅವರು ತಟ್ಟುತ್ತಿದ್ದ ರೊಟ್ಟಿಯಿಂದ ಕಣ್ಣೆತ್ತದೆ ಅಂದರು:

"ದೊಡ್ಡದು ತಟ್ಟಿದ್ರೆ ಅಂಚು ಹರೀತದ್ರೀ, ಅದಕ್ಕೇನು. ನೀವು ಹರೀಬಾರ್ದು ಅಂತ ಅಂಗೈಯಗಲ ತಟ್ತೀರಿ. ಪಾಪ, ನಿಮ್ಮನೆಯೋರು ದಿನಾ ಕಚೇರಿಗೆ ಹೋಗೋವಾಗ ಇಲ್ಲೊಂದು ತಿಂದ್ಕಂಡೇ ಹೋಗ್ತಾರೆ."