ಹಕ್ಕಿಯ ಕಾಲಿನ ಚೀಟಿ

ತಮ್ಮ ನನಗೆ ಒಪ್ಪಿಸಿದ್ದು ಒಂದೇ ಕೆಲಸ. ಹಕ್ಕಿಗಳನ್ನು ನೆರಳಿನಲ್ಲಿ ಒಣಗಿಸಬೇಕು, ಅವುಗಳ ಕಾಲಿಗೆ ಕಟ್ಟಿದ ಚೀಟಿಗಳನ್ನು ಜೋಪಾನ ಮಾಡಬೇಕು. ಹಕ್ಕಿಗಳನ್ನು ಒಣಗಿಸಿದೆ. ಚೀಟಿಗಳನ್ನು ಜೋಪಾನ ಮಾಡಲಿಲ್ಲ. ಅಥವಾ, ನೋಡಿ, ಅತಿಯಾಗಿ ಜೋಪಾನ ಮಾಡಿದೆ ಎಂದರೂ ಸರಿಯೇ. ನನ್ನ ತೊಂದರೆಯೇ ಇದು. ತಪ್ಪು ಒಪ್ಪಿಕೊಳ್ಳಲು ಕುಳಿತರೆ ಮಾತು ತಾನಾಗಿಯೇ ಪಕ್ಕಕ್ಕೆ ಹೊರಳಿ, ತಪ್ಪು ಬೇರೆ ಯಾರದೋ ಇರಬೇಕು ಎನ್ನುವಂತೆ ನಿಂತುಬಿಡುತ್ತದೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ತಪ್ಪು ನನ್ನದು. ಇನ್ನು ನಾನು ಎಷ್ಟು ಸುತ್ತಿ ಬಳಸಿ ಹೇಳಿದರೂ ನೀವು ದಾರಿ ತಪ್ಪುವುದಿಲ್ಲ. ನಾನು ತಪ್ಪಬಹುದು.

ಕೈಯಲ್ಲಿ ಒಂದು ಕಸುಬು ಇದ್ದವನಿಗೆ ಮಿಕ್ಕವರ ಕಸುಬೂ ಗೊತ್ತು ಎಂಬ ಭ್ರಮೆ ಬಲು ಬೇಗ ಬರುತ್ತದೆ. ನನ್ನದು ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವ ಕಸುಬು. ಸಾಲೆ ಕಲಿತದ್ದು ಕನ್ನಡ ಮೂರನೆಯ ಇಯತ್ತೆಯವರೆಗೆ. ಅದರಲ್ಲೂ ಮೂರನೆಯದರಲ್ಲಿ ನಾನು ಕುಳಿತದ್ದಕ್ಕಿಂತ ನಿಂತದ್ದೇ ಹೆಚ್ಚು, ಅದೂ ಗೋಡೆಯ ಕಡೆ ಮುಖ ಮಾಡಿ. ಆದರೆ ಬಣ್ಣದ ವಿಷಯದಲ್ಲಿ ನನ್ನ ಕಣ್ಣನ್ನು ಊರೇ ನಂಬುತ್ತದೆ. ನೇಕಾರರು ತಂದ ಪ್ರತಿ ಲಡಿಗೂ, ಎಂದರೆ ನೂಲಿನ ಕಟ್ಟಿಗೂ, ಅವರವರ ಹೆಸರಿನ ಚೀಟಿ ಕಟ್ಟಿರುತ್ತದೆ. ನೂಲು ಹಂಡೆಗೆ ಇಳಿಯುವ ಮೊದಲು ನಾನು ಚೀಟಿಯನ್ನು ಬಿಚ್ಚಿ ತೆಗೆದಿಡುತ್ತೇನೆ, ಇಲ್ಲದಿದ್ದರೆ ಮಸಿ ಕರಗಿ ನೂಲಿಗೆ ಹತ್ತುತ್ತದೆ. ಒಣಗಿದ ಮೇಲೆ ಬಣ್ಣ ನೋಡಿಯೇ ಇದು ಇಂಥವರದು, ಅದು ಅಂಥವರದು ಎಂದು ಮತ್ತೆ ಕಟ್ಟುತ್ತೇನೆ. ಚೀಟಿಯನ್ನು ಜೋಪಾನ ಮಾಡು ಎಂದು ಯಾರಾದರೂ ಹೇಳಿದರೆ ನನ್ನ ಕೈಗೆ ತಿಳಿಯುವ ಅರ್ಥ ಒಂದೇ. ಮೊದಲು ಬಿಚ್ಚು.

ನನ್ನ ತಮ್ಮ ಮಲ್ಲೇಶಿ ಹಾಗಲ್ಲ. ಬಾಗಲಕೋಟೆಗೆ ಹೋಗಿ ಓದಿದವನು, ಅಕ್ಷರ ಮುತ್ತಿನಂತೆ ಬರೆಯುವವನು. ಆ ಅಕ್ಷರವೇ ಅವನನ್ನು ಘಟ್ಟದ ಕೆಳಗೆ ಕಾರವಾರದ ಕಾಡಿಗೆ ಎಳೆದುಕೊಂಡು ಹೋಯಿತು. ಅಲ್ಲಿ ಒಬ್ಬ ಸಾಹೇಬರು ಕಡಲ ದಂಡೆಯ ಕಾಡಿನಲ್ಲಿ ಯಾವ ಯಾವ ಹಕ್ಕಿಗಳಿವೆ ಎಂದು ಹುಡುಕಿ ದಾಖಲೆ ಮಾಡುತ್ತಿದ್ದರು. ಬೇಟೆಗಾರನೊಬ್ಬ ಹೊಡೆಯುವುದು, ಇನ್ನೊಬ್ಬ ಚರ್ಮ ಸುಲಿದು ಒಳಗೆ ಹುಳ ಹತ್ತದಂತೆ ಪಾಷಾಣದ ಸಾಬೂನು ಸವರಿ ಹತ್ತಿ ತುಂಬುವುದು, ಮಲ್ಲೇಶಿ ಚೀಟಿ ಬರೆದು ಕಾಲಿಗೆ ಕಟ್ಟುವುದು. ಎಲ್ಲಿ ಸಿಕ್ಕಿತು, ಎಂದು ಸಿಕ್ಕಿತು, ಗಂಡೋ ಹೆಣ್ಣೋ, ಅಷ್ಟೇ. ಹೆಸರು ಬರೆಯುವುದಿಲ್ಲ. ಹೆಸರನ್ನು ಸಾಹೇಬರು ಆಮೇಲೆ ನೋಡಿ, ಹೋಲಿಸಿ, ಬರೆಯುತ್ತಾರಂತೆ. ಸತ್ತ ಮೇಲೆ ನಾಮಕರಣ ಮಾಡುವ ಪದ್ಧತಿಯನ್ನು ನಾನು ಕೇಳಿದ್ದು ಅದೇ ಮೊದಲು.

ಆ ವರ್ಷ ಕಾರವಾರದ ಮಳೆ ಹಕ್ಕಿಗಳನ್ನೂ ಬಿಡಲಿಲ್ಲ. ಪೆಟ್ಟಿಗೆಯೊಳಗೆ ಬೂಸಲು ಹಿಡಿಯಿತು. ಸಾಹೇಬರು ಬಾದಾಮಿಗೆ ಬರುವವರಿದ್ದರು, ಅಲ್ಲಿನ ಬಂಡೆಗಲ್ಲಿನ ಹಕ್ಕಿಗಳನ್ನು ನೋಡಲು. 'ನಿಮ್ಮ ಕಡೆ ಗಾಳಿ ಒಣ, ಮುಂದಾಗಿ ಹೋಗಿ ಒಣಗಿಸಿಕೊಂಡು ಬಾ' ಎಂದು ತಮ್ಮನಿಗೆ ಪೆಟ್ಟಿಗೆ ಕೊಟ್ಟು ಕಳಿಸಿದರು. ಅವನು ಪೆಟ್ಟಿಗೆಯ ಜೊತೆಗೆ ಘಟ್ಟದ ಚಳಿಜ್ವರವನ್ನೂ ತಂದ. ಹೊಸ್ತಿಲಲ್ಲಿಯೇ ಅವ್ವ ಅಡ್ಡ ನಿಂತಳು. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆಯ ಮಾತೆತ್ತಿದರೂ ಬಾಯಿ ತೊಳೆಯುವವರು.

"ಇದರಾಗ ಏನೈತಿ?" ಅಂದಳು.

"ಹಕ್ಕಿ ಅದಾವಬೇ."

"ಹಾರ್ತಾವೇನು?"

"ಇಲ್ಲಬೇ, ಸತ್ತಾವ. ಕೊಂದಾವ ಬ್ಯಾರೆ, ಸುಲಿದಾವ ಬ್ಯಾರೆ. ನಾ ಬರೇ ಚೀಟಿ ಕಟ್ಟಾವ."

"ಪಾಪ ಮೂರು ಪಾಲು ಮಾಡಿದ್ರ ನಿನ್ನ ಪಾಲು ಆವಿಯಾಗಿ ಹೋಗತೈತೇನು? ನೀ ಒಳಗ ಬಾ. ಅದು ಹೊರಗ ಇರಲಿ."

ಹೀಗೆ ತಮ್ಮ ಕಂಬಳಿಯೊಳಗೆ ಸೇರಿದ, ಪೆಟ್ಟಿಗೆ ಹಿತ್ತಲಿನ ನನ್ನ ಬಣ್ಣದ ಗುಡಿಸಲಿಗೆ ಬಂತು. ನಡುಗುವ ಹಲ್ಲುಗಳ ನಡುವೆಯೇ ಅವನು ಹೇಳಿದ: "ಅಣ್ಣಾ, ನೆರಳಾಗ ಒಣಗಿಸು. ಮುಟ್ಟಿದ ಮ್ಯಾಲೆ ಕೈ ತೊಳಕೊ, ಪಾಷಾಣ ಐತಿ. ಚೀಟಿ ಮಾತ್ರ ಜ್ವಾಪಾನ." ನಾನು ಹೂಂ ಅಂದೆ. ಕೈ ತೊಳೆಯುವ ವಿಚಾರ ಅವ್ವನಿಗೆ ಬಹಳ ಹಿಡಿಸಿತು. ಆದರೆ ಮೊಳಕೈಯವರೆಗೆ ನೀಲಿಯಾಗಿರುವ ನನ್ನ ಕೈ ನೋಡಿ, "ನೀ ತೊಳಕೊಂಡ್ಯೋ ಬಿಟ್ಟ್ಯೋ, ಆ ಶಿವಗೂ ತಿಳಿಯಾಂಗಿಲ್ಲ" ಅಂದಳು.

ಪೆಟ್ಟಿಗೆ ತೆರೆದಾಗ ಹಕ್ಕಿಗಳು ಒದ್ದೆ ಲಡಿಗಳ ಹಾಗೆಯೇ ಒಂದರ ಮೇಲೊಂದು ಮಲಗಿದ್ದವು. ಚೀಟಿಗಳು ಹಸಿಯಾಗಿದ್ದವು. ಮಸಿ ಇನ್ನೇನು ಗರಿಗೆ ಇಳಿಯುವಂತಿತ್ತು. ನನ್ನ ಕೈ ನನ್ನನ್ನು ಕೇಳಲಿಲ್ಲ. ಚಕಚಕನೆ ಎಲ್ಲ ಚೀಟಿಗಳನ್ನೂ ಬಿಚ್ಚಿ ಹಲಗೆಯ ಮೇಲೆ ಹರಡಿದೆ. ಯಾವ ಚೀಟಿ ಯಾವುದರದೆಂದು ಒಂದೊಂದು ಹಕ್ಕಿಯನ್ನೂ ಬಣ್ಣದಿಂದಲೇ ಕಣ್ಣಿನಲ್ಲಿ ಹಿಡಿದುಕೊಂಡೆ. ಇದು ದಾಳಿಂಬರದ ಕೆಂಪು, ಇದು ಕುಸುಬಿಯ ಕೇಸರಿ, ಇದು ನವಿಲುಗೊರಳಿನ ನೀಲಿ. ಇಷ್ಟು ವರ್ಷ ನೂರಾರು ಮನೆಗಳ ನೂಲು ಅದಲು ಬದಲಾಗದಂತೆ ನೋಡಿದವನಿಗೆ ಒಂದು ಪೆಟ್ಟಿಗೆ ಹಕ್ಕಿ ಯಾವ ಲೆಕ್ಕ ಎಂದುಕೊಂಡೆ.

ನೂಲು ಒಣಗುವಾಗ ಬಣ್ಣ ಎಷ್ಟು ತಿಳಿಯಾಗುತ್ತದೆಂದು ನನಗೆ ಗೊತ್ತು. ಗರಿ ಆ ಕಟ್ಟಳೆಗೆ ಒಳಪಟ್ಟದ್ದಲ್ಲ. ಬೂಸಲು ಉದುರಿದ ಮೇಲೆ ಬೂದು ಎಂದುಕೊಂಡದ್ದು ಹಸಿರಾಯಿತು, ಕಪ್ಪು ಎಂದುಕೊಂಡದ್ದು ಕಂದಾಯಿತು. ಕಂದಾದವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಭೇದವೇ ಕಾಣಲಿಲ್ಲ. ಹೆಬ್ಬೆರಳಿನಷ್ಟೇ ಇದ್ದ ಹಕ್ಕಿಯೊಂದಂತೂ ನನ್ನ ಕಸುಬನ್ನೇ ಅಣಕಿಸಿತು. ಈ ಕಡೆಯಿಂದ ನೋಡಿದರೆ ನೀಲಿ, ಆ ಕಡೆಯಿಂದ ನೋಡಿದರೆ ಹಸಿರು, ನೆರಳಿಗೆ ಹಿಡಿದರೆ ಬರೀ ಕಪ್ಪು. ಒದ್ದೆ ಬಟ್ಟೆಯಿಂದ ಮೆಲ್ಲಗೆ ಉಜ್ಜಿದೆ, ಬಟ್ಟೆಗೆ ಏನೂ ಹತ್ತಲಿಲ್ಲ. ಹಂಡೆಯಿಲ್ಲದೆ, ಕಾಸದೆ, ಯಾರೂ ಹಾಕದೆ ಬಂದ ಬಣ್ಣ. ಇದನ್ನು ಯಾವ ಬಣ್ಣವೆಂದು ನೆನಪಿಟ್ಟುಕೊಳ್ಳಬೇಕು? ನನ್ನ ಹೆಂಡತಿ ಗೌರವ್ವ ಬಾಗಿಲಲ್ಲಿ ನಿಂತು ನಾನು ಆ ಹಕ್ಕಿಯನ್ನು ಹಿಡಿದು ಗುಡಿಸಲೊಳಗೆ ಸುತ್ತುವುದನ್ನು ನೋಡುತ್ತಿದ್ದಳು. "ಜ್ವರ ಮೈದುನಗ ಬಂದೈತೋ ನಿಮಗ ಬಂದೈತೋ?" ಅಂದಳು.

ಆಗಲೇ ಒಳಗೆ ಹೋಗಿ ಹೇಳಬೇಕಿತ್ತು. ಹೋದೆ ಕೂಡ. ತಮ್ಮ ನಿದ್ದೆಯಲ್ಲಿ ಏನೋ ಕನವರಿಸುತ್ತಿದ್ದ. ಎಬ್ಬಿಸುವುದು ಬೇಡ ಎಂದು ಹಿಂದಿರುಗಿದೆ. ನಿದ್ದೆ ಮಾಡುವವನ ಮೇಲೆ ನನಗೆ ಅಷ್ಟು ಅಂತಃಕರಣ ಉಕ್ಕಿದ್ದು ಜನ್ಮದಲ್ಲಿ ಅದೊಂದೇ ಸಲ.

ಇನ್ನು ಉಳಿದದ್ದು ಬುದ್ಧಿ. ಒಂದೊಂದೇ ಅಕ್ಷರ ಕೂಡಿಸಿ ಚೀಟಿಗಳನ್ನು ಓದಿದೆ. 'ನದಿ ಕಡಲು ಸೇರುವಲ್ಲಿ, ಉಸುಕಿನ ದಂಡೆ' ಎಂದಿತ್ತು ಒಂದು. ಕಾರವಾರದ ಉಸುಕು ಬಿಸಿಲಿಗೆ ಬಂಗಾರದಂತೆ ಹೊಳೆಯುತ್ತದೆ ಎಂದು ತಮ್ಮ ಹೇಳಿದ್ದ. ಬಂಗಾರದ ಬೆನ್ನಿನ ಹಕ್ಕಿಯೊಂದಿತ್ತು, ಅದಕ್ಕೆ ಕಟ್ಟಿದೆ. 'ದಟ್ಟ ಕಾಡು, ಒಣಮರದ ತುದಿ' ಎಂದಿತ್ತು ಇನ್ನೊಂದು. ತೊಗಟೆಯ ಬಣ್ಣದ ಉದ್ದ ಕಾಲಿನದೊಂದಕ್ಕೆ ಅದನ್ನು ಕಟ್ಟಿದೆ. ಮುಂದೆ ಗಂಡು ಹೆಣ್ಣಿನ ಪ್ರಶ್ನೆ ಬಂತು. ಅಲ್ಲಿ ನನಗೆ ಎಳ್ಳಷ್ಟೂ ಗೊಂದಲವಾಗಲಿಲ್ಲ ಎಂಬುದನ್ನು ನಾಚಿಕೆಯಿಂದ ಬರೆಯುತ್ತೇನೆ. ಇಳಕಲ್ಲಿನಲ್ಲಿ ಹುಟ್ಟಿದವನು ನಾನು. ಬಣ್ಣವೆಲ್ಲ ಸೀರೆಗೆ, ಸೀರೆಯೆಲ್ಲ ಹೆಂಗಸರಿಗೆ. ಗಂಡಸು ಬಿಳಿ ಧೋತರ ಉಟ್ಟು ಅದು ಮಾಸಿದ ಮೇಲೆ ಮಣ್ಣಿನ ಬಣ್ಣಕ್ಕೆ ಬರುತ್ತಾನೆ. ಮಿರಿಮಿರಿ ಮಿನುಗುವ ಹಕ್ಕಿಗಳಿಗೆಲ್ಲ 'ಹೆಣ್ಣು' ಎಂಬ ಚೀಟಿ ಕಟ್ಟಿದೆ. ಮಾಸಲು ಮುಖದವಕ್ಕೆಲ್ಲ 'ಗಂಡು' ಎಂದು ಕಟ್ಟಿದೆ. ಗಂಟು ಮಾತ್ರ ಚೊಕ್ಕವಾಗಿತ್ತು, ನಮ್ಮಪ್ಪ ನಮ್ಮಿಬ್ಬರಿಗೂ ಕಲಿಸಿದ ನೂಲಿನ ಗಂಟು.

ಜ್ವರ ಬಿಟ್ಟ ಮೇಲೆ ಮಲ್ಲೇಶಿ ಪೆಟ್ಟಿಗೆ ತೆರೆದು, ಚೀಟಿ ಓದದೆ, ಮೇಲಿನ ಸಾಲನ್ನಷ್ಟೇ ಮುಟ್ಟಿ ನೋಡಿದ. "ಅಣ್ಣಾ, ಒಂದು ಗರಿ ಮುರದಿಲ್ಲ. ಕಾರವಾರದಾಗ ಇಂಥಾ ಕೈ ಯಾರಿಗೂ ಇಲ್ಲ ಬಿಡು," ಅಂದ. ಹೊಗಳಿಕೆಯನ್ನು ನಾನು ತೆಗೆದುಕೊಂಡೆ. ಬಾದಾಮಿಯವರೆಗೆ ಪೆಟ್ಟಿಗೆ ಹೊರಲು ಜೊತೆಗೆ ಬರುತ್ತೇನೆಂದು ಹೊರಟೆ. ದಾರಿಯಲ್ಲಿ ಹೇಳಿದರಾಯಿತು ಎಂಬುದು ಲೆಕ್ಕಾಚಾರ.

ಹುನಗುಂದ ದಾಟಿ ಬಾಗಲಕೋಟೆಯವರೆಗೂ ಹೇಳಲಾಗಲಿಲ್ಲ, ಗಾಡಿ ಹೊಡೆಯುವ ಹುಸೇನಸಾಬ ಬಿಡಲಿಲ್ಲ. ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದ. ತಮ್ಮ ಹೇಳಿದ.

"ತಿನ್ನಾಕೇನ್ರಿ?"

"ಅಲ್ಲ."

"ಸಾಕಾಕಂತೂ ಅಲ್ಲ, ಸತ್ತಾವ. ಮತ್ತ್ಯಾಕ್ರಿ?"

"ಕಾಡಾಗ ಏನೇನು ಅದಾವು ಅಂತ ತಿಳೀಬೇಕಲ್ಲ."

ಹುಸೇನಸಾಬ ಎತ್ತಿನ ಬಾಲ ಮುರಿದ. "ಈಗ ಅಲ್ಲಿ ಇಲ್ಲಲ್ರಿ, ಇಲ್ಲಿ ಅದಾವಲ್ಲ," ಅಂದ.

ಬಾಗಲಕೋಟೆಯಲ್ಲಿ ರೈಲು ಹತ್ತಿದೆವು. ಡಬ್ಬಿಯಲ್ಲಿ ನಾವಿಬ್ಬರೇ ಒಂದು ಹಲಗೆಯ ಮೇಲೆ. ಇನ್ನು ನೆವ ಉಳಿಯಲಿಲ್ಲ. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ: "ಮಲ್ಲೇಶಿ, ಒಂದು ಕೇಳ್ತೇನಿ. ಈ ಚೀಟಿ ಇರದಿದ್ರ ಏನಾಕ್ಕಿತ್ತು?"

"ಚೀಟಿ ಇರದಿದ್ರ ಅದು ಹಕ್ಕಿನ ಅಲ್ಲ ಅಣ್ಣಾ. ಹತ್ತಿ ತುಂಬಿದ ಗೊಂಬಿ."

"ಮತ್ತ ಹೆಚ್ಚುಕಮ್ಮಿ ಇದ್ರ?"

"ಅದು ಇನ್ನೂ ಕೆಟ್ಟದ್ದು. ಗೊಂಬಿ ಸುಮ್ಮನಿರತೈತಿ. ತಪ್ಪು ಚೀಟಿ ಸುಳ್ಳು ಹೇಳತೈತಿ. ಮುಂದ ನೂರು ವರ್ಷ ಮಂದಿ ಅದನ್ನ ಖರೆ ಅಂತ ಓದತಾರ." ಆಮೇಲೆ ಖುಷಿಯಿಂದ ನನ್ನ ಕಡೆ ತಿರುಗಿದ. "ನಿನಗೊಂದು ಮಜಾ ಹೇಳ್ತೇನಿ. ನೀ ಬಣ್ಣದಾವ, ನಿನಗ ಸೇರತೈತಿ. ಹಕ್ಕಿಯೊಳಗ ಶೃಂಗಾರ ಹೆಚ್ಚು ಗಂಡಿಗೆ. ಹೆಣ್ಣು ಪಾಪ, ಮಣ್ಣಿನ ಬಣ್ಣ."

ನಾನು ಕಿಟಕಿಯ ಹೊರಗೆ ನೋಡತೊಡಗಿದೆ. ಎರೆಹೊಲದ ತಂತಿಯ ಮೇಲೆ ಕುಳಿತ ಹಕ್ಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದಂತಿತ್ತು. ಯಾವುದು ಗಂಡು, ಯಾವುದು ಹೆಣ್ಣು, ನಾನು ಯಾರು, ಯಾವುದೂ ಸ್ಪಷ್ಟವಾಗಿರಲಿಲ್ಲ. ಬಾದಾಮಿ ಸ್ಟೇಶನ್ ಬಂದಾಗ, "ಅಣ್ಣಾ, ಮಾರಿ ಯಾಕ ಹಂಗಾಗೇತಿ?" ಎಂದು ಕೇಳಿದ. ರೈಲು ಆಗಿಬರುವುದಿಲ್ಲ ಅಂದೆ.

ಸಾಹೇಬರ ಡೇರೆ ಬಾದಾಮಿಯ ಹೊಂಡದ ದಂಡೆಯಲ್ಲಿತ್ತು. ಅವರು ಬೆಳಿಗ್ಗೆಯೇ ಬಂಡೆ ಏರಿ ಹೋಗಿದ್ದರು. ಅವರು ಬರುವಷ್ಟರಲ್ಲಿ ಸಾಲಾಗಿ ಜೋಡಿಸಿಡೋಣವೆಂದು ಮಲ್ಲೇಶಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಒಂದೊಂದೇ ಹಕ್ಕಿಯನ್ನು ಇಡತೊಡಗಿದ. ಮೊದಲ ಸಾಲಿಗೆ ಶಿಳ್ಳೆ ಹಾಕುತ್ತಿದ್ದವನು ಎರಡನೆಯದಕ್ಕೆ ನಿಲ್ಲಿಸಿದ. ಆ ಉದ್ದ ಕಾಲಿನ ಹಕ್ಕಿಯನ್ನು ಎತ್ತಿ ಚೀಟಿ ಓದಿದ. ಕೆಳಗಿಟ್ಟ, ಮತ್ತೆ ಎತ್ತಿ ಓದಿದ.

"ಅಣ್ಣಾ, ಇದು ನೀರಿನ ಅಂಚಿಗೆ ಓಡ್ಯಾಡೂ ಹಕ್ಕಿ. ಇದು ಒಣಮರದ ತುದಿಗೆ ಕುಂತಿತ್ತು ಅಂತ ಬರದೈತಿ." ಬಂಗಾರದ ಬೆನ್ನಿನದನ್ನು ಎತ್ತಿದ. "ಇದು ಮರಕುಟುಕ. ಉಸುಕಿನ ದಂಡಿಯಾಗ ಇದು ಏನು ಕುಟುಕತಿತ್ತು?" ಆಮೇಲೆ ಬಣ್ಣದ ಹಕ್ಕಿಗಳನ್ನೆಲ್ಲ ಒಂದೊಂದಾಗಿ ತಿರುಗಿಸಿದ. ಹೆಣ್ಣು, ಹೆಣ್ಣು, ಹೆಣ್ಣು.

ಯಾರೋ ಬಿಚ್ಚಿದ್ದಾರೆ ಎಂಬ ಸಂಶಯ ಅವನಿಗೆ ಬರಬಹುದೆಂದು ಕಾದೆ. ಬರಲಿಲ್ಲ. ಹೇಗೆ ಬರಬೇಕು? ಅಕ್ಷರ ಅವನದು. ಗಂಟೂ ಅವನದೇ, ನನ್ನ ಗಂಟಿಗೂ ಅವನ ಗಂಟಿಗೂ ನಮ್ಮಪ್ಪನೇ ಎದ್ದು ಬಂದರೂ ಭೇದ ಕಾಣುತ್ತಿರಲಿಲ್ಲ. ಅವನು ಕುರ್ಚಿಯ ಮೇಲೆ ಕುಸಿದು, ತನ್ನ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿಕೊಂಡ.

"ಜ್ವರ ನನಗ ಅಲ್ಲೇ ಹತ್ತಿತ್ತು. ಜ್ವರದಾಗ ಬರದೇನಿ ಇವನ್ನ. ಬರದದ್ದು ಖಬರ ಐತಿ, ಹಿಂಗ ಬರದದ್ದು ಖಬರಿಲ್ಲ. ಇನ್ನ ಈ ಕೈ ಬರದದ್ದು ಯಾವುದನ್ನ ನಂಬೂದು ಅಣ್ಣಾ? ಹಿಂದಿನ ಪೆಟಗಿ ಹೆಂಗ ಅದಾವೋ. ಸಾಹೇಬರು ಬರ್ತಾರ, ಖರೆ ಹೇಳಿಬಿಡ್ತೇನಿ. ತಲಿ ಕೆಟ್ಟೈತಿ, ಈ ಕೆಲಸ ನನ್ನಿಂದ ಆಗಾಂಗಿಲ್ಲ ಅಂತ."

ಹೊಂಡದ ಮೆಟ್ಟಿಲ ಮೇಲೆ ಬೂಟಿನ ಸಪ್ಪಳ ಕೇಳಿಸಿತು. ಮಲ್ಲೇಶಿ ಎದ್ದು ಅಂಗಿ ಸರಿಮಾಡಿಕೊಂಡ. ಈಗಲೂ, ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ, ತಪ್ಪು ಹೊರಿಸಲು ನನಗೆ ಮೊದಲು ಹೊಳೆದದ್ದು ಗೌರವ್ವನ ಹೆಸರು. ಎರಡನೆಯದು ಚೀಟಿಯ ದಾರ ಕಡಿದ ಇರುವೆ. ಮೂರನೆಯದು ಹುಸೇನಸಾಬನ ಗಾಡಿಯ ಕುಲುಕಾಟ. ಮೂರನ್ನೂ ನುಂಗಿದ ಮೇಲೆ ಬಾಯಿಯಲ್ಲಿ ಉಳಿದದ್ದು ನಿಜದ ಮಾತುಗಳಷ್ಟೇ. ಹಿರಿಯ ಮಗನೆಂದು ಹುಟ್ಟಿದಂದಿನಿಂದ ತಮ್ಮನ ಮುಂದೆ ನಾನು ಆಡದ ಮಾತುಗಳು ಅವು. ಸಾಹೇಬರೂ ಡೇರೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುವಷ್ಟು ಜೋರಾಗಿಯೇ ಬಂದವು.

"ನಿನ್ನ ಕೈ ಖರೆ ಐತೋ ತಮ್ಮಾ. ನೀ ಒಂದೂ ತಪ್ಪು ಬರದಿಲ್ಲ. ಚೀಟಿ ಬಿಚ್ಚಿದಾವ ನಾ, ಗೊತ್ತಿಲ್ಲದ ಕಟ್ಟಿದಾವನೂ ನಾ, ತಿಳಿದ ಮ್ಯಾಲೂ ಸುಮ್ಮನ ಕುಂತಾವ ನಾ. ನಂದು ತಪ್ಪಾತು."