ಹಯಾತ್ ಸಾಬರ ಬ್ಯಾಂಡು

ದಾವಣಗೆರೆಯ ಎಷ್ಟೋ ಮದುಮಕ್ಕಳು ಹಯಾತ್ ಸಾಬರ ಕ್ಲಾರಿನೆಟ್ ಶುರುವಾಗದ ಹೊರತು ಕುದುರೆ ಹತ್ತಿದವರಲ್ಲ. ಅಂಥ ಬ್ಯಾಂಡ್ ಮಾಸ್ತರರನ್ನು ಒಂದು ಯಃಕಶ್ಚಿತ್ ಮೊಬೈಲು ಕುಣಿಸತೊಡಗಿತ್ತು. ಮದುವೆಯಾಗಿ ಹರಿಹರಕ್ಕೆ ಹೋದ ಮಗಳು ಮುಸರತ್ ಜೊತೆ ಒಂದು ದಿನವಾದರೂ ಮನಸ್ಸು ತುಂಬ ಮಾತಾಡಬೇಕೆಂಬುದು ಅವರ ಆಸೆ. ಮಾತು ಹದಕ್ಕೆ ಬರುವಷ್ಟರಲ್ಲಿ, "ಅಬ್ಬಾ... ಹಲೋ... ಕೇಳ್ತಾ ಇಲ್ಲ..." ಎಂದು ಫೋನು ಕಟ್ಟಾಗಿಬಿಡುತ್ತಿತ್ತು. ಹರಿಹರವೇನು ದುಬೈಯೇ? ಬಸ್ಸಿನಲ್ಲಿ ಕೂತು ಎಲೆಯಡಿಕೆ ಅಗಿದು ಮುಗಿಸುವಷ್ಟರಲ್ಲಿ ಬರುವ ಊರು!

ಮನೆಯೊಳಗೆ ಸಿಗ್ನಲ್ ಕಡ್ಡಿ ಒಂದೂ ನಿಲ್ಲುತ್ತಿರಲಿಲ್ಲ. ಸಾಬರು ಮೊಣಕಾಲಿಗೆ ಸಮಾಧಾನ ಹೇಳುತ್ತ ಮಾಳಿಗೆ ಹತ್ತಿ, ನೀರಿನ ಟ್ಯಾಂಕನ್ನು ತಬ್ಬಿಕೊಂಡು ಮಾತಾಡಬೇಕು. (ಎದುರು ಮನೆಯ ಖೈರುನ್ನೀಸಾ ಇದನ್ನು ನೋಡಿ, "ಭಾಯಿಗೆ ಟ್ಯಾಂಕಿನ ಮೇಲೆ ಭಾಳ ಪ್ರೀತಿ" ಎಂದು ಓಣಿಗೆಲ್ಲ ಸಾರಿದ್ದರು.) ತಬ್ಬಿದರೂ ಕಟ್! ಹೆಂಡತಿ ದಿಲ್ಷಾದ್ ಬೇಗಂ ಮಾತ್ರ ತಮ್ಮ ಬಟನ್ ಫೋನಿನಲ್ಲಿ ಒಲೆಯ ಮುಂದೆ ನಿಂತೇ, ಅನ್ನ ಬೇಯುವ ತನಕ ಮಗಳ ಜೊತೆ ಹರಟುತ್ತಿದ್ದರು. ಸಾಬರು ಒಮ್ಮೆ ಅದನ್ನೇ ಇಸಿದುಕೊಂಡು ಮಾತಾಡಿದರು. ಅದೂ ಕಟ್ಟಾಯಿತು.

"ನನ್ ಕೈಗುಣಾನೇ ಸರಿಯಿಲ್ಲ ಬಿಡು. ಹದಡಿ ಮದುವೆಯಿಂದ ನಿನಗೆ ಫೋನ್ ಮಾಡಿದ್ರೂ ಇದೇ ಗತಿ, ಆನಗೋಡಿಂದ ಮಾಡಿದ್ರೂ ಇದೇ ಗತಿ. ಅಲ್ಲಿ ನಿಲ್ಸಿರೋದು ಟವರೋ, ಬೆದರುಗೊಂಬೆಯೋ!"

"ಹೂಂ ಮತ್ತೆ, ಆ ಊರುಗಳಾಗೆ ಸಿಗ್ನಲ್ ಎಲ್ಲೈತ್ರಿ" ಎಂದು ಬೇಗಂ ರೊಟ್ಟಿ ತಿರುವಿ ಹಾಕಿದರು.

ಕೊನೆಗೆ ಸಾಬರು ಮಂಡಿಪೇಟೆಯ ಮೊಬೈಲ್ ಅಂಗಡಿಗೆ ಹೋದರು. ಅಂಗಡಿಯ ವೀರೇಶ್ ಫೋನನ್ನು ಹಿಂದೆ ಮುಂದೆ ನೋಡಿ, "ಸಾಬ್ರೆ, ನಿಮ್ ಬ್ಯಾಂಡ್ ಸರಿ ಇಲ್ರಿ" ಎಂದ.

ಸಾಬರ ಗಡ್ಡವೇ ಸಿಟ್ಟಿನಿಂದ ನಡುಗಿತು. "ಏನಂದಿ? ನಿಮ್ಮಪ್ಪನ ಮದುವೆ ಮೆರವಣಿಗೇಲಿ ನುಡಿಸ್ದೋನು ನಾನು! ಅವತ್ತು ನಿಮ್ಮಜ್ಜಿ ಸೆರಗು ಕಟ್ಟಿ ಕುಣಿದಿದ್ರು. ಆಗ ಸರಿ ಇದ್ದ ಬ್ಯಾಂಡ್ ಈಗ ಹೆಂಗೆ ಕೆಡ್ತು?"

"ಅಯ್ಯೋ, ನಿಮ್ದಲ್ರಿ, ಫೋನಿಂದು!" ವೀರೇಶ್ ಕೈಮುಗಿದ. "ಸಿಗ್ನಲ್‌ನಾಗೆ ಮೇಲಿನ ಬ್ಯಾಂಡು, ಕೆಳಗಿನ ಬ್ಯಾಂಡು ಅಂತ ಇರ್ತಾವೆ. ಮೇಲಿಂದು ಭಾಳ ಚುರುಕು, ಆದ್ರೆ ಗೋಡೆ ಬಂದ್ರೆ ಸುಸ್ತು. ಕೆಳಗಿಂದು ನಿಧಾನ, ಆದ್ರೆ ಗೋಡೆ ದಾಟಿ ಮನ್ಯಾಗೆ ಬರ್ತೈತೆ. ನಿಮ್ಮಣ್ಣನ ಮಗ ಅಸದ್ ದುಬೈಯಿಂದ ತಂದುಕೊಟ್ಟ ಫೋನಲ್ಲೇನ್ರಿ ಇದು? ಇದ್ರಾಗೆ ನಮ್ ಕಡೆಯ ಕೆಳಗಿನ ಬ್ಯಾಂಡೇ ಇಲ್ಲ."

ಸಾಬರಿಗೆ ತಟ್ಟನೆ ಹೊಳೆಯಿತು. ಮೆರವಣಿಗೆ ಓಣಿಯಲ್ಲಿ ಹೋಗುವಾಗ ಮನೆಯೊಳಗಿದ್ದವರಿಗೆ ಕೇಳುವುದು ಡೋಲಿನ ಧಮಧಮ. ಕ್ಲಾರಿನೆಟ್ ಕೇಳಬೇಕೆಂದರೆ ಬಾಗಿಲಿಗೆ ಬರಬೇಕು. "ಅಂದ್ರೆ ನನ್ ಫೋನಿಗೆ ಡೋಲ್ ಬಾರ್ಸೋನೇ ಇಲ್ಲ ಅನ್ನು!" ಎಂದು, ಡೋಲುಸಮೇತವಾದ ಹೊಸ ಫೋನು ಹಿಡಿದು ದಿಗ್ವಿಜಯ ಮುಗಿಸಿದ ಬಾದಶಹನಂತೆ ಮನೆಗೆ ಬಂದರು.

ಸಂಜೆ ಮಗ್ರಿಬ್ ನಮಾಜು ಮುಗಿಸಿ ನಡುಮನೆಯ ಕುರ್ಚಿಯಲ್ಲೇ ಕೂತು, ಬೇಗಂಗೂ ಕೇಳಲೆಂದು ಸ್ಪೀಕರ್ ಹಾಕಿದರು. ಮಗಳ ದನಿ ಪಕ್ಕದ ಕೋಣೆಯಿಂದ ಬಂದಂತಿತ್ತು. ಸಾಬರ ಕಣ್ಣು ಒದ್ದೆಯಾಯಿತು.

"ಚಾ ಆತಾ ಬೇಟಿ? ಒಳ್ಳೇದು. ಈಗ ಕೇಳು. ನಿಮ್ ಹರಿಹರದ ಸೇತುವೆ ಮೇಲೆ ಒಂದ್ಸಲ ನನ್ ಕ್ಲಾರಿನೆಟ್ ಕೇಳಿ, ಮದುಮಗನ ಕುದುರೆ ಕುಣಿಯಾಕೆ ನಿಂತಿದ್ದು, ಛತ್ರಕ್ಕೇ ಬರಲ್ಲ ಅಂತು ನೋಡು..."

"ಅಬ್ಬಾ... ಹಲೋ... ಕೇಳ್ತಾ ಇಲ್ಲ..."

ಸಾಬರು ಫೋನು ನೋಡಿದರು. ಕಡ್ಡಿಗಳೆಲ್ಲ ನೆಟ್ಟಗೆ ನಿಂತಿವೆ. ಗಡಿಬಿಡಿಯಲ್ಲಿ ಮಗಳು ಫೋನು ಕಟ್ ಮಾಡುವುದನ್ನೇ ಮರೆತಿದ್ದಳು. ಅಳಿಯ ನೌಮಾನನ ದನಿ ಸ್ಪಷ್ಟವಾಗಿ ಕೇಳಿತು: "ಯಾಕೆ, ಸಿಗ್ನಲ್ ಇಲ್ವಾ?"

"ಸಿಗ್ನಲ್ ಚಲೋ ಐತ್ರಿ. ಅಬ್ಬಾ ಬ್ಯಾಂಡ್ ಶುರು ಮಾಡ್ಯಾರೆ."

ಸಾಬರ ಎದೆ ಚುರ್ ಎಂದಿತು. ಮೆಲ್ಲಗೆ ಫೋನು ಆರಿಸಿದರು. ಮದುವೆಯಾದಾಗಿನಿಂದ ಮಗಳನ್ನು ತಾನು ಕೇಳಿದ್ದಾದರೂ ಏನು? ಚಾ ಆತಾ ಅಂದದ್ದು ನಿಜ. ಆದರೆ ಅದಕ್ಕೂ ಉತ್ತರ ಬರುವ ತನಕ ಕಾದಿರಲಿಲ್ಲ. ಬ್ಯಾಂಡಿನಲ್ಲಿ ಕ್ಲಾರಿನೆಟ್ ನಿಲ್ಲಿಸಿ ಉಳಿದವರಿಗೆ ಜಾಗ ಬಿಡಲು ಗೊತ್ತಿದ್ದ ಮನುಷ್ಯನಿಗೆ ಮನೆಯಲ್ಲಿ ಅದು ಗೊತ್ತಾಗಲಿಲ್ಲವಲ್ಲ ಎಂದು ಸಂಕಟವಾಯಿತು.

ಮರುದಿನ ಸಂಜೆ ಮತ್ತೆ ಫೋನು ಹಚ್ಚಿದರು. "ಇವತ್ತು ನೀನೇ ಹೇಳ್ ಬೇಟಿ" ಎಂದು ಸುಮ್ಮನಾದರು.

"ಹಲೋ? ಅಬ್ಬಾ? ಸಿಗ್ನಲ್ ಹೋಯ್ತಾ?"

"ಐತೆ. ಕೇಳಾಕತ್ತೀನಿ."

ಮೊದಲು ಅಳುಕುತ್ತಲೇ ಶುರು ಮಾಡಿದಳು. ಅತ್ತೆಯ ಮೊಣಕಾಲು, ಕಲಿಯುತ್ತಿರುವ ಹೊಲಿಗೆ, ಮೊದಮೊದಲು ಅಮ್ಮಿ-ಅಬ್ಬಾನ ನೆನೆಸಿಕೊಂಡು ಅತ್ತದ್ದು... ಆಮೇಲೆ ಯಾರ ಹಂಗೂ ಇಲ್ಲ! ಒಂದೇ ಉಸಿರು. ಸಾಬರು ನಡುವೆ ಬಾಯಿ ತೆರೆದರೆ, "ಇರ್ರಿ ಅಬ್ಬಾ, ಮುಗಿಸ್ತೀನಿ!" ಆ ಉಸಿರು ಯಾರಿಂದ ಬಂದದ್ದೆಂದು ಕ್ಲಾರಿನೆಟ್ ಊದುವ ಅವರಿಗೆ ಬೇರೆ ಹೇಳಬೇಕಾಗಿರಲಿಲ್ಲ. ಕಿವಿ ಬಿಸಿಯಾಯಿತು. ತಟ್ಟೆಯಲ್ಲಿ ರೊಟ್ಟಿ ಆರಿತು.

ಬೇಗಂ ಹತ್ತಿರ ಬಂದು ಪಿಸುಗುಟ್ಟಿದರು: "ಊಟಕ್ಕೆ ಏಳ್ರಿ. 'ಹಲೋ ಹಲೋ, ಕೇಳ್ತಾ ಇಲ್ಲ' ಅಂದು ಇಟ್ಟುಬಿಡ್ರಿ."

ಸಾಬರು ಫೋನಿಗೆ ಕೈ ಅಡ್ಡ ಹಿಡಿದು ಹೆಂಡತಿಯನ್ನೇ ದಿಟ್ಟಿಸಿದರು. "ಇದು ನಿನಗೆ ಹೆಂಗೆ ಗೊತ್ತು?"

"ನಂಗ್ ಹೆಂಗ್ ಗೊತ್ತು ಅಂದ್ರೆ? ಆಕೆಗೆ ಕಲಿಸ್ದೋರು ಯಾರು ಮತ್ತೆ?"

ಹಯಾತ್ ಸಾಬರಿಗೆ ಹದಡಿ ನೆನಪಾಯಿತು. ಆನಗೋಡು ನೆನಪಾಯಿತು. ಪಾಪ, ಇಷ್ಟು ವರ್ಷ ಬೈಸಿಕೊಂಡು ನಿಂತಿದ್ದ ಆ ಟವರುಗಳೂ ನೆನಪಾದವು.

"ಹಲೋ, ಅಬ್ಬಾ? ಕೇಳ್ತೈತಾ?" ಎಂದಳು ಮಗಳು.

"ಕೇಳ್ತೈತೆ ಬೇಟಿ" ಎಂದರು ಸಾಬರು, ಬೇಗಂ ಮೇಲಿಂದ ಕಣ್ಣು ಕೀಳದೆ. "ಈಗ ಎಲ್ಲಾ ಕೇಳ್ತೈತೆ."